ಅಂತರ್ಜಾಲದ ಕಲೆ: ಅದು ಬೇರೊಂದು ಕಲೆಯೇ?

ಚಿತ್ರವೆಂದರೇನು, ಶಿಲ್ಪವೆಂದರೇನು, ನಾಟಕವೆಂದರೇನು ಎಂಬುದನ್ನು ನಿಮಗೆ ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಗೋಡೆಯ ಮೇಲಿರುವುದು ಚಿತ್ರ, ಕಲ್ಲಿನಲ್ಲಿ ಮೂಡಿರುವುದು ಶಿಲ್ಪ, ರಂಗದ ಮೇಲೆ ನಡೆಯುವುದು ನಾಟಕ. ಆದರೆ ಈಗ ಸುಮಾರು ಮೂವತ್ತು ವರ್ಷಗಳಿಂದ ‘ಅಂತರ್ಜಾಲ ಕಲೆ’ ಎಂಬ ಹೊಸ ಮಾತೊಂದು ಕೇಳಿಬರುತ್ತಿದೆ. ಇದು ನಿಜವಾಗಿಯೂ ಬೇರೊಂದು ಕಲೆಯೇ, ಅಥವಾ ಹಳೆಯ ಕಲೆಗಳೇ ಹೊಸ ಗಾಡಿಯನ್ನು ಹತ್ತಿ ನಮ್ಮ ಬಾಗಿಲಿಗೆ ಬರುತ್ತಿವೆಯೇ? ಈ ಪ್ರಶ್ನೆಯನ್ನು ನಾವು ನೀವು ಕೂಡಿ ಸ್ವಲ್ಪ ವಿಚಾರ ಮಾಡೋಣ.

ಇದು ಪಂಡಿತರಿಗೆ ಮಾತ್ರ ಬೇಕಾದ ತರ್ಕವೆಂದು ಬದಿಗೆ ಸರಿಸಬೇಡಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ದೊಡ್ಡ ಚಿತ್ರಶಾಲೆಗಳಿಲ್ಲ. ಇಲ್ಲಿಯ ತರುಣನೊಬ್ಬ ಮುಂಬಯಿಯ ಅಥವಾ ಬೆಂಗಳೂರಿನ ಪ್ರದರ್ಶನವನ್ನು ನೋಡಬೇಕಾದರೆ ರೈಲಿನ ಖರ್ಚು, ವಸತಿಯ ಖರ್ಚು ಎರಡನ್ನೂ ಹೊಂದಿಸಬೇಕು. ಆದರೆ ಅವನ ಕಿಸೆಯಲ್ಲಿ ದೂರವಾಣಿ ಇದೆ, ಅದರಲ್ಲಿ ಅಂತರ್ಜಾಲವಿದೆ. ಅಂತರ್ಜಾಲವು ಕೇವಲ ದಾರಿಯಾದರೆ, ಅವನು ಎಂದಿಗೂ ದೂರದ ನೋಟಕನೇ. ಅದು ಸ್ವತಃ ಒಂದು ಕಲೆಯ ನೆಲೆಯಾದರೆ, ವಾಡಿಯಲ್ಲಿ ಕುಳಿತವನೂ ಲಂಡನ್ನಿನಲ್ಲಿ ಕುಳಿತವನೂ ಒಂದೇ ರಂಗಮಂದಿರದಲ್ಲಿ ಕುಳಿತಂತೆ. ಉತ್ತರದಿಂದ ಇಷ್ಟು ವ್ಯತ್ಯಾಸವುಂಟು.

ಮೊದಲು ದಾರಿಯ ವಿಚಾರವನ್ನೇ ನೋಡೋಣ. ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆದದ್ದು ೧೮೭೪ರಲ್ಲಿ. ಚಿತ್ತಾಪುರ, ಸೇಡಂಗಳನ್ನು ಹಾದುಹೋಗುವ ಆ ದಾರಿ ವಾಡಿಯಲ್ಲಿ ಮುಂಬಯಿಯ ದೊಡ್ಡ ದಾರಿಯನ್ನು ಕೂಡಿತು. ಈ ದಾರಿಗಳಿಂದ ನಮ್ಮ ಶಹಾಬಾದಿನ ಫರಸಿಕಲ್ಲು ದೂರದ ಊರುಗಳ ಮನೆಯಂಗಳಗಳನ್ನು ಸೇರಿತು. ಆದರೆ ರೈಲಿನಲ್ಲಿ ಹೋದುದರಿಂದ ಕಲ್ಲಿನ ಜಾತಿ ಬದಲಾಯಿತೇ? ಇಲ್ಲ. ಇಳಿಸಿದಲ್ಲಿಯೂ ಅದು ಶಹಾಬಾದಿನ ಕಲ್ಲೇ. ಹಾಗೆಯೇ ಕಲಾವಿದನೊಬ್ಬ ಬಟ್ಟೆಯ ಮೇಲೆ ಬಣ್ಣದಿಂದ ಬರೆದ ಚಿತ್ರದ ನೆರಳನ್ನು ಅಂತರ್ಜಾಲದಲ್ಲಿ ಕಳುಹಿಸಿದರೆ, ಅದು ಚಿತ್ರಕಲೆಯೇ ಹೊರತು ಅಂತರ್ಜಾಲ ಕಲೆಯಲ್ಲ. ಸಂಗೀತ ಕಚೇರಿಯೊಂದನ್ನು ಚಿಂಚೋಳಿಯ ಮನೆಯಲ್ಲಿ ಕುಳಿತು ನೋಡಿದರೆ, ನೀವು ಕೇಳಿದ್ದು ಸಂಗೀತವನ್ನೇ. ನಾವು ದಿನವೂ ಅಂತರ್ಜಾಲದಲ್ಲಿ ಕಾಣುವ ಕಲೆಯ ಬಹುಪಾಲು ಇಂಥದು. ಆದುದರಿಂದ ‘ಅಂತರ್ಜಾಲದಲ್ಲಿರುವುದೆಲ್ಲ ಹೊಸ ಕಲೆ’ ಎನ್ನುವವರ ಮಾತನ್ನು ಇಲ್ಲಿಯೇ ಬಿಟ್ಟುಬಿಡಬಹುದು.

ಹಾಗೆಂದು ದಾರಿಗೂ ಸರಕಿಗೂ ಸಂಬಂಧವೇ ಇಲ್ಲವೆಂದಲ್ಲ. ನಮ್ಮ ಕಲಬುರಗಿಯಲ್ಲೇ ೧೯೧೬ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರನ್ನು ನೆನೆಯಿರಿ. ಅವರು ಸಿನಿಮಾ ಜಾಹೀರಾತುಗಳಿಗಾಗಿಯೂ ಕ್ಯಾಲೆಂಡರುಗಳಿಗಾಗಿಯೂ ಬರೆದ ಚಿತ್ರಗಳು ಅಚ್ಚಾಗಿ ಮನೆಮನೆಯ ಗೋಡೆಯನ್ನು ಸೇರಿದವು. ಮೂಲಚಿತ್ರವನ್ನು ಕಂಡವರು ಕೆಲವರು. ಅಚ್ಚನ್ನು ಕಂಡವರಿಗೆ ಲೆಕ್ಕವಿಲ್ಲ. ಅಚ್ಚಿನಲ್ಲಿ ಹೇಗೆ ಕಾಣುವುದು, ದೂರದ ಗೋಡೆಯ ಮೇಲಿದ್ದರೂ ಕಣ್ಣನ್ನು ಹೇಗೆ ಹಿಡಿಯುವುದು ಎಂಬ ಎಣಿಕೆ ಇಂಥ ಕೆಲಸದಲ್ಲಿ ಬರೆಯುವಾಗಲೇ ಸೇರಿರುತ್ತದೆ. ಅಂದರೆ ಇಲ್ಲಿ ದಾರಿಯು ಸರಕನ್ನು ಸ್ವಲ್ಪಮಟ್ಟಿಗೆ ತಿದ್ದುತ್ತದೆ. ಆದರೂ ಅಚ್ಚನ್ನು ತೆಗೆದುಹಾಕಿದರೆ ಮೂಲಚಿತ್ರ ಉಳಿಯುತ್ತದೆ. ಅದರ ಮುಂದೆ ನಿಂತು ನೋಡಬಹುದು. ಇದು ನಡುವಣ ಸ್ಥಿತಿ.

ಇನ್ನೊಂದು ಮಾತು. ಹೊಸ ಸಾಮಗ್ರಿ ದೊರೆತ ಮಾತ್ರಕ್ಕೆ ಹೊಸ ಕಲೆ ಹುಟ್ಟುವುದಿಲ್ಲ. ನಾವು ಅಂಗಳಕ್ಕೆ ಹಾಸುವುದು ಸುಣ್ಣಕಲ್ಲಿನ ಫರಸಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾತೀರದ ಕನಗನಹಳ್ಳಿಯಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ದೊರೆತ ಬೌದ್ಧಸ್ತೂಪದ ಶಿಲ್ಪಫಲಕಗಳೂ ಸುಣ್ಣಕಲ್ಲಿನವೇ. ಒಂದು ಫಲಕದಲ್ಲಿ ಅಶೋಕನ ರೂಪವನ್ನು ಕೆತ್ತಿ, ಪಕ್ಕದಲ್ಲಿ ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರನ್ನೂ ಬರೆದಿದ್ದಾರೆ. ಕಲ್ಲಿನ ಬಗೆ ಒಂದೇ. ಒಂದು ಕಡೆ ನೆಲಹಾಸು, ಇನ್ನೊಂದು ಕಡೆ ಶಿಲ್ಪ. ಆ ಕಲ್ಲಿನಿಂದ ಮಾತ್ರ ಸಾಧ್ಯವಾಗುವ ಕೆಲಸವೊಂದನ್ನು ಕೈ ಕಂಡುಕೊಂಡಾಗಲೇ ಶಿಲ್ಪ ಹುಟ್ಟಿತು. ಅಂತರ್ಜಾಲಕ್ಕೂ ಈ ಮಾತು ಸಲ್ಲುತ್ತದೆ.

ಇದನ್ನು ಇನ್ನೂ ಸ್ಪಷ್ಟಪಡಿಸುವ ಉದಾಹರಣೆ ಬಾನುಲಿಯ ಇತಿಹಾಸದಲ್ಲಿದೆ. ಬಾನುಲಿ ಬಂದ ಹೊಸದರಲ್ಲಿ ರಂಗದ ನಾಟಕಗಳನ್ನೇ ಧ್ವನಿವಾಹಕದ ಮುಂದೆ ಓದಿ ಬಿತ್ತರಿಸುತ್ತಿದ್ದರು. ೧೯೨೪ರ ಜನವರಿ ೧೫ರಂದು ಲಂಡನ್ನಿನಿಂದ ರಿಚರ್ಡ್ ಹ್ಯೂಸ್ ಎಂಬ ಯುವಕ ಬರೆದ ‘ಡೇಂಜರ್’ ಎಂಬ ಕಿರುನಾಟಕ ಬಿತ್ತರವಾಯಿತು. ಅದು ನಡೆಯುವುದು ಕಲ್ಲಿದ್ದಲ ಗಣಿಯೊಳಗೆ. ಗಣಿಯನ್ನು ನೋಡಲು ಇಳಿದವರ ದೀಪ ಆರಿಹೋಗುತ್ತದೆ, ಮುಂದಿನದೆಲ್ಲ ಕತ್ತಲೆಯಲ್ಲಿ. ಪಾತ್ರಗಳಿಗೂ ಏನೂ ಕಾಣದು, ಕೇಳುವವರಿಗೂ ಏನೂ ಕಾಣದು! ಬಾನುಲಿಯ ಕುರುಡನ್ನೇ ಆ ಲೇಖಕ ತನ್ನ ಬಲವನ್ನಾಗಿ ಮಾಡಿಕೊಂಡ. ಈ ನಾಟಕವನ್ನು ದೀಪ ಬೆಳಗಿದ ರಂಗದ ಮೇಲೆ ಆಡಿದರೆ ಅದರ ಜೀವವೇ ಹೋಗುತ್ತದೆ. ಬಾನುಲಿ ನಾಟಕವು ರಂಗನಾಟಕದ ಬಡ ತಮ್ಮನಲ್ಲ, ಸ್ವತಂತ್ರ ಕಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರಿಂದ ನಮಗೊಂದು ಒರೆಗಲ್ಲು ಸಿಕ್ಕಿತು. ಕೃತಿಯಿಂದ ಅದರ ಮಾಧ್ಯಮವನ್ನು ತೆಗೆದುಹಾಕಿ ನೋಡಿ. ಕೃತಿ ಉಳಿದರೆ ಮಾಧ್ಯಮ ಬರಿಯ ದಾರಿ. ಕೃತಿ ಸತ್ತರೆ ಮಾಧ್ಯಮವೇ ಅದರ ಒಡಲು. ಈಗ ಅಂತರ್ಜಾಲದ ಕೆಲವು ಕೃತಿಗಳನ್ನು ಈ ಒರೆಗೆ ಹಚ್ಚೋಣ.

ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಲ್ಲಿ ೧೯೯೪ರ ಆಗಸ್ಟ್ ೫ರಂದು ಒಂದು ವಿಚಿತ್ರ ನಡೆಯಿತು. ಹೀತ್ ಬಂಟಿಂಗ್ ಎಂಬ ಕಲಾವಿದ ಆ ನಿಲ್ದಾಣದ ಸಾರ್ವಜನಿಕ ದೂರವಾಣಿಗಳ ಸಂಖ್ಯೆಗಳನ್ನು ಮೊದಲೇ ಜಾಲದಲ್ಲಿ ಪ್ರಕಟಿಸಿ, ಆ ದಿನ ಕರೆಮಾಡಿರೆಂದು ಲೋಕದವರನ್ನೆಲ್ಲ ಕೇಳಿಕೊಂಡಿದ್ದ. ದೂರವಾಣಿಗಳು ಒಂದರ ಹಿಂದೊಂದು ಬಾರಿಸತೊಡಗಿದವು. ರೈಲಿಗೆ ಕಾದಿದ್ದವರು ಎತ್ತಿ ಮಾತನಾಡಿದರೆ ಆ ಕಡೆ ಗುರುತಿಲ್ಲದ ಒಬ್ಬ ಮನುಷ್ಯ! ವಾಡಿ ಜಂಕ್ಷನ್ನಿನಲ್ಲಿ ಇಂಥದು ನಡೆದರೆ ಹೇಗಿರಬಹುದೆಂದು ನೀವೇ ಯೋಚಿಸಿ. ಇಲ್ಲಿ ಚಿತ್ರವಿಲ್ಲ, ಪ್ರತಿಮೆಯಿಲ್ಲ. ಅಪರಿಚಿತರು ಒಂದು ಕ್ಷಣ ಕೂಡಿದ್ದೇ ಕೃತಿ. ದೂರದೂರದವರನ್ನು ಒಮ್ಮೆಗೇ ಕರೆದ ಜಾಲವನ್ನು ತೆಗೆದುಬಿಟ್ಟರೆ ಉಳಿಯುವುದು ಸುಮ್ಮನೆ ಕುಳಿತ ದೂರವಾಣಿಗಳು ಮಾತ್ರ.

ಎರಡನೆಯದು ಮಾಸ್ಕೋದ ಓಲ್ಯಾ ಲ್ಯಾಲಿನಾ ಎಂಬಾಕೆ ೧೯೯೬ರಲ್ಲಿ ರಚಿಸಿದ್ದು. ಅದರ ಹೆಸರಿನ ಅರ್ಥ ‘ನನ್ನ ಗೆಳೆಯ ಯುದ್ಧದಿಂದ ಹಿಂದಿರುಗಿದ’ ಎಂದು. ಕಪ್ಪು ಬಿಳುಪಿನ ಪುಟ, ಹೆಣ್ಣು ಗಂಡುಗಳಿಬ್ಬರ ಚಿತ್ರ, ಕೆಲವೇ ಮಾತುಗಳು. ನೀವು ಒಂದು ಮಾತನ್ನು ಒತ್ತಿದರೆ ಪುಟವು ಎರಡು ಚೌಕಟ್ಟಾಗಿ ಒಡೆಯುತ್ತದೆ. ಇನ್ನೊಂದನ್ನು ಒತ್ತಿದರೆ ಮತ್ತೆ ಒಡೆಯುತ್ತದೆ. ಮಾತು ಮುಂದುವರಿದಷ್ಟೂ ಇಬ್ಬರ ನಡುವೆ ಗೆರೆಗಳು ಹೆಚ್ಚುತ್ತವೆ. ಕೊನೆಗೆ ಉಳಿಯುವುದು ಖಾಲಿ ಕಪ್ಪು ಚೌಕಗಳು. ಯುದ್ಧವು ಇಬ್ಬರನ್ನು ಹೇಗೆ ದೂರಮಾಡಿತೆಂಬುದನ್ನು ಇಲ್ಲಿ ಯಾರೂ ವರ್ಣಿಸುವುದಿಲ್ಲ. ನಿಮ್ಮ ಬೆರಳೇ ಅವರನ್ನು ದೂರಮಾಡುತ್ತದೆ. ಪುಟವನ್ನು ಚೌಕಟ್ಟುಗಳಾಗಿ ಒಡೆಯುವುದು ಅಂದಿನ ಅಂತರ್ಜಾಲದ ಒಂದು ಸಾಮಾನ್ಯ ಸೌಕರ್ಯವಾಗಿತ್ತು. ಅದನ್ನೇ ಆಕೆ ದುಃಖದ ಭಾಷೆಯನ್ನಾಗಿ ಮಾಡಿದಳು. ಇದನ್ನು ಪುಸ್ತಕದಲ್ಲಿ ಅಚ್ಚು ಹಾಕಿದರೆ ಅಥವಾ ಪರದೆಯ ಮೇಲೆ ಸಿನಿಮಾದಂತೆ ಓಡಿಸಿದರೆ ಕಥೆ ತಿಳಿದೀತು, ಕೃತಿ ದಕ್ಕದು.

ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ. ಜನಸಾಮಾನ್ಯರಿಗೆ ಅಂತರ್ಜಾಲವು ಭಾರತದಲ್ಲಿ ದೊರೆತದ್ದು ೧೯೯೫ರ ಆಗಸ್ಟ್ ೧೫ರಿಂದ. ೨೦೦೩ರಲ್ಲಿ ಮುಂಬಯಿಯ ಶಿಲ್ಪಾ ಗುಪ್ತಾ ಅವರು ಲಂಡನ್ನಿನ ಟೇಟ್ ಕಲಾಶಾಲೆಗಾಗಿ ಒಂದು ಅಂತರ್ಜಾಲ ಕೃತಿಯನ್ನು ರಚಿಸಿದರು. ಅದಕ್ಕಾಗಿ ಅವರು ಜಾಲದ ತಂತಿಯನ್ನು ಬೇರೆ ಬೇರೆ ಧರ್ಮಗಳ ಪವಿತ್ರ ಸ್ಥಳಗಳಿಗೆ ಒಯ್ದು ಆಶೀರ್ವಾದ ಮಾಡಿಸಿಕೊಂಡು ಬಂದರು. ತಂತಿಯ ಮೂಲಕ ಆ ಆಶೀರ್ವಾದ ನಿಮ್ಮ ಮನೆಗೂ ಬರುತ್ತದೆಂಬುದು ಕೃತಿಯ ವಿನೋದ. ಬರುತ್ತದೆಯೇ ಎಂಬುದು ಅದು ಕೇಳುವ ಗಂಭೀರ ಪ್ರಶ್ನೆ. ಶರಣಬಸವೇಶ್ವರರ ಗುಡಿಗೂ ಬಂದೇನವಾಜರ ದರ್ಗಾಕ್ಕೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ನಮ್ಮ ಸೀಮೆಯವರಿಗೆ ಈ ಪ್ರಶ್ನೆಯ ಮರ್ಮ ಬೇಗ ತಿಳಿದೀತು.

ದೆಹಲಿಯ ರಾಕ್ಸ್ ಮೀಡಿಯಾ ಕಲೆಕ್ಟಿವ್ ಎಂಬ ಮೂವರು ಕಲಾವಿದರ ಬಳಗ ೨೦೦೨ರಲ್ಲಿ ‘ಓಪಸ್’ ಎಂಬ ತಾಣವನ್ನು ತೆರೆಯಿತು. ಒಬ್ಬರು ಇಟ್ಟ ಚಿತ್ರವನ್ನೋ ಧ್ವನಿಯನ್ನೋ ಮಾತನ್ನೋ ಇನ್ನೊಬ್ಬರು ತೆಗೆದುಕೊಂಡು ಮಾರ್ಪಡಿಸಿ ಮತ್ತೆ ಇಡಬಹುದು. ಯಾವುದು ಯಾವುದರಿಂದ ಹುಟ್ಟಿತೆಂಬ ವಂಶಾವಳಿಯೂ ಜೊತೆಗಿರುತ್ತದೆ. ಇದು ನಮಗೆ ಪೂರಾ ಹೊಸದೇ? ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದಿವೆ. ಒಂದೂರಿನ ಪಾಠ ಇನ್ನೊಂದೂರಿನಲ್ಲಿ ಸ್ವಲ್ಪ ಬೇರೆ. ಆದರೂ ಅಂಕಿತ ಮೂಲವನ್ನು ನೆನಪಿಸುತ್ತದೆ. ಹಲವರು ಕೂಡಿ ಬೆಳೆಸುವ ಕೃತಿ ನಮ್ಮ ಜನಪದಕ್ಕೆ ಪರಿಚಿತ. ಜಾಲವು ಅದನ್ನು ಒಬ್ಬರನ್ನೊಬ್ಬರು ಕಾಣದವರ ನಡುವೆಯೂ ಸಾಧ್ಯಮಾಡಿತು. ಕರ್ನಾಟಕದಲ್ಲಿಯೇ, ಕೊಡಗಿನ ಮೂಲದ ಕಿರಣ್ ಸುಬ್ಬಯ್ಯನವರು ಶಿಲ್ಪವನ್ನು ಅಭ್ಯಾಸಮಾಡಿ ಬಂದು, ವಿಡಿಯೋ ಮತ್ತು ಅಂತರ್ಜಾಲಗಳನ್ನು ತಮ್ಮ ಸಾಮಗ್ರಿಯನ್ನಾಗಿ ಆರಿಸಿಕೊಂಡವರಲ್ಲಿ ಒಬ್ಬರು.

ಇನ್ನು ಆಕ್ಷೇಪಗಳ ವಿಚಾರಕ್ಕೆ ಬರೋಣ. ‘ಕೈಗೆ ಸಿಗದ, ಮನೆಗೆ ಒಯ್ಯಲಾಗದ ವಸ್ತು ಕಲೆ ಹೇಗಾದೀತು?’ ಎಂದು ಕೇಳುವವರುಂಟು. ರಾಗವನ್ನು ಯಾರು ಕೈಯಲ್ಲಿ ಹಿಡಿದಿದ್ದಾರೆ? ಹಿಡಿಯಲಾಗದುದು ದೋಷವಲ್ಲ. ‘ಇವುಗಳಲ್ಲಿ ಎಷ್ಟೋ ಬರಿಯ ಆಟ, ಚೇಷ್ಟೆ’ ಎನ್ನುವವರೂ ಉಂಟು. ನಿಜ. ಆದರೆ ಕೆಟ್ಟ ಸಿನಿಮಾಗಳಿರುವುದರಿಂದ ಸಿನಿಮಾ ಕಲೆಯಲ್ಲವೆಂದು ನಾವು ಹೇಳುವುದಿಲ್ಲ. ಕಲೆಯ ಜಾತಿ ಬೇರೆ, ಗುಣ ಬೇರೆ.

ಬೆಲೆಯಿಂದ ಕಲೆಯನ್ನು ಅಳೆಯುವವರಿಗೂ ಒಂದು ಮಾತು. ೨೦೨೧ರ ಮಾರ್ಚಿನಲ್ಲಿ ಬೀಪಲ್ ಎಂಬ ಹೆಸರಿನ ಅಮೆರಿಕದ ಕಲಾವಿದನ ಕೃತಿಯೊಂದರ ಒಡೆತನದ ಅಂಕಿತವನ್ನು ಕ್ರಿಸ್ಟೀಸ್ ಸಂಸ್ಥೆ ಸುಮಾರು ೬ ಕೋಟಿ ೯೦ ಲಕ್ಷ ಡಾಲರಿಗೆ ಹರಾಜು ಹಾಕಿತು. ಅಂತರ್ಜಾಲದ ಕಲೆಗೆ ಪಟ್ಟ ಕಟ್ಟಿದಂತಾಯಿತೆಂದು ಆಗ ಹಲವರು ಉಬ್ಬಿದರು. ನಮ್ಮ ಒರೆಗಲ್ಲನ್ನು ಮರೆಯಬೇಡಿ. ಆ ಕೃತಿ ದಿನಕ್ಕೊಂದರಂತೆ ರಚಿಸಿದ ಐದು ಸಾವಿರ ಚಿತ್ರಗಳ ಒಂದು ಜೋಡಣೆ. ಅಚ್ಚು ಹಾಕಿ ಗೋಡೆಗೆ ತೂಗಿದರೂ ಅದು ಬಹುಮಟ್ಟಿಗೆ ಅದೇ. ಅಲ್ಲಿ ಹೊಸದಾಗಿದ್ದುದು ಒಡೆತನದ ದಾಖಲೆಯನ್ನು ಬರೆದಿಡುವ ಕ್ರಮ. ಹೊಲದ ಪಹಣಿಯನ್ನು ಹೊಸ ರೀತಿಯಲ್ಲಿ ಬರೆದರೆ ಹೊಲದಲ್ಲಿ ಹೊಸ ಬೆಳೆ ಬಂದಂತಲ್ಲ.

ಇವುಗಳಿಗಿಂತ ತೂಕದ ಆಕ್ಷೇಪ ಒಂದಿದೆ. ‘ಈಗ ಎಲ್ಲವೂ ಅಂತರ್ಜಾಲವೇ, ಚಿತ್ರಕಾರನೂ ಗಾಯಕನೂ ಅದರೊಳಗೇ ಬದುಕುತ್ತಾನೆ. ಹಾಗಿರುವಾಗ ಅಂತರ್ಜಾಲ ಕಲೆ ಎಂದು ಒಂದು ಗೆರೆ ಎಳೆಯುವುದೇಕೆ?’ ಎಂದು ಕಲಾವಿದರಲ್ಲಿಯೇ ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಗೆರೆ ಮಸುಕಾಗಿದೆ. ಆದರೆ ಮಸುಕಾದ ಗೆರೆಯೂ ಗೆರೆಯೇ. ಗದ್ಯವೂ ಪದ್ಯವೂ ಕೂಡಿದ ಚಂಪುವಿದೆ ಎಂದು ಗದ್ಯಪದ್ಯಗಳ ಭೇದ ಅಳಿಸಿಹೋಗಲಿಲ್ಲ. ಮೇಲಾಗಿ, ಗೆರೆಯನ್ನು ಗುರುತಿಸದೆ ಹೋದರೆ ಆಗುವ ನಷ್ಟ ಬಹು ದೊಡ್ಡದು. ಅದೇನೆಂದು ಈಗ ಹೇಳಬೇಕು.

ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. ೧೯೮೬ರಲ್ಲಿ ಅದರ ಛಾವಣಿ ಕುಸಿಯಿತು. ಜೀರ್ಣೋದ್ಧಾರದ ಕಾಲದಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ, ಅದು ಅಶೋಕನ ಶಾಸನ! ಪೀಠಕ್ಕಾಗಿ ನಡುವೆ ಕೊರೆದಿದ್ದುದರಿಂದ ಕೆಲವು ಅಕ್ಷರಗಳು ಹೋಗಿದ್ದವು. ಉಳಿದವು ಓದಲು ಸಿಕ್ಕವು. ತಿಳಿಯದವರ ಕೈಗೆ ಸಿಕ್ಕರೂ, ಬೇರೆ ಕೆಲಸಕ್ಕೆ ಬಳಕೆಯಾದರೂ, ಕಲ್ಲು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ತನ್ನ ಮಾತನ್ನು ಕಾಯ್ದುಕೊಂಡಿತು. ಅಂತರ್ಜಾಲದ ಕೃತಿಗೆ ಈ ಭಾಗ್ಯವಿಲ್ಲ. ೨೦೦೯ರ ಅಕ್ಟೋಬರಿನಲ್ಲಿ ಯಾಹೂ ಸಂಸ್ಥೆ ‘ಜಿಯೋಸಿಟೀಸ್’ ಎಂಬ ತನ್ನ ತಾಣವನ್ನು ಮುಚ್ಚಿದಾಗ, ಲಕ್ಷಾಂತರ ಜನ ಕಟ್ಟಿದ ಪುಟಗಳು ತಮ್ಮ ನೆಲೆಯನ್ನು ಕಳೆದುಕೊಂಡವು. ಕೆಲವರು ಮುಂದೆ ಬಂದು ನಕಲು ಮಾಡಿಟ್ಟುದರಿಂದ ಒಂದು ಭಾಗ ಮಾತ್ರ ಉಳಿಯಿತು. ಚಲಿಸುವ ಚಿತ್ರಗಳಿಗೂ ಆಟಗಳಿಗೂ ಬಳಸುತ್ತಿದ್ದ ‘ಫ್ಲ್ಯಾಶ್’ ಎಂಬ ಸಾಧನಕ್ಕೆ ೨೦೨೦ರ ಕೊನೆಯಲ್ಲಿ ಅದರ ಕಂಪನಿಯೇ ಮಂಗಳ ಹಾಡಿತು. ಅದರಲ್ಲಿ ರಚಿಸಿದ ಕೃತಿಗಳು ಅಂದಿನಿಂದ ಸಾಮಾನ್ಯ ಯಂತ್ರಗಳಲ್ಲಿ ತೆರೆಯದಾದವು.

ಇಂಥ ಕೃತಿಯನ್ನು ‘ಚಿತ್ರ’ವೆಂದು ತಿಳಿದ ಸಂಗ್ರಹಾಲಯದವರು ಏನು ಮಾಡುತ್ತಾರೆ? ಅದರ ಒಂದು ನೆರಳುಚಿತ್ರ ತೆಗೆದು ಕಡತದಲ್ಲಿಡುತ್ತಾರೆ. ಲ್ಯಾಲಿನಾಳ ಕೃತಿಯ ಒಂದು ನೆರಳುಚಿತ್ರದಲ್ಲಿ ಏನಿದೆ? ಒಡೆಯದ ಪುಟ, ಅಲುಗದ ಬೆರಳು! ಅದನ್ನು ಬೇರೊಂದು ಕಲೆಯೆಂದು ತಿಳಿದವರು ಮಾತ್ರ ಅದರ ಸಂಕೇತಲಿಪಿಯನ್ನೂ, ಅಂದಿನ ವೀಕ್ಷಕ ತಂತ್ರಾಂಶವನ್ನೂ, ಅದು ನಡೆದುಕೊಳ್ಳುತ್ತಿದ್ದ ರೀತಿಯನ್ನೂ ಕೂಡಿಸಿ ಕಾಯುತ್ತಾರೆ. ನ್ಯೂಯಾರ್ಕಿನ ರೈಜೋಮ್ ಸಂಸ್ಥೆ ೨೦೧೬ರಿಂದ ೨೦೧೯ರ ವರೆಗೆ ಇಂಥ ನೂರು ಕೃತಿಗಳನ್ನು ಆರಿಸಿ ಮತ್ತೆ ನೋಡಲು ಸಿಗುವಂತೆ ಮಾಡಿದ್ದು ಈ ತಿಳಿವಿನಿಂದಲೇ. ಇದಕ್ಕೆ ಎಷ್ಟೋ ಮೊದಲು, ೧೯೯೭ರಲ್ಲಿ, ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಮಹಾಪ್ರದರ್ಶನ ಮುಗಿದೊಡನೆ ಅದರ ಜಾಲತಾಣವನ್ನು ತೆಗೆದುಬಿಡುವುದಾಗಿ ಸಾರಿದಾಗ, ವುಕ್ ಚೋಸಿಚ್ ಎಂಬ ಕಲಾವಿದ ಅದನ್ನು ಇದ್ದಂತೆ ನಕಲುಮಾಡಿ ತನ್ನ ತಾಣದಲ್ಲಿಟ್ಟ. ಆ ನಕಲನ್ನೇ ಒಂದು ಕೃತಿಯೆಂದು ಕರೆದ. ಹೆಸರಿಡುವುದಕ್ಕೂ ಉಳಿಸುವುದಕ್ಕೂ ಎಷ್ಟು ಹತ್ತಿರದ ನಂಟಿದೆ ನೋಡಿದಿರಾ? ಯಾವುದನ್ನು ಹೆಸರಿಟ್ಟು ಗುರುತಿಸಲಿಲ್ಲವೋ ಅದನ್ನು ಕಾಯುವವರೂ ಇರುವುದಿಲ್ಲ.

ಈಗ ನಮ್ಮ ಸೀಮೆಗೇ ಹೊಂದುವ ಒಂದು ಕೃತಿಯನ್ನು ಕಲ್ಪಿಸಿಕೊಳ್ಳೋಣ. ಸೇಡಮ್ಮಿನ ವಿದ್ಯಾರ್ಥಿನಿಯೊಬ್ಬಳು ಒಂದು ಪುಟವನ್ನು ರಚಿಸುತ್ತಾಳೆಂದಿಟ್ಟುಕೊಳ್ಳಿ. ಸಂಜೆ ಆರು ಗಂಟೆಗೆ ಐದೂರುಗಳ ಐವರು ತಮ್ಮ ದೂರವಾಣಿಯನ್ನು ಕಿಟಕಿಯಲ್ಲಿಡುತ್ತಾರೆ. ವಾಡಿಯಿಂದ ರೈಲಿನ ಸದ್ದು, ಶಹಾಬಾದಿನಿಂದ ಕಲ್ಲು ಕೊಯ್ಯುವ ಗರಗಸದ ಸದ್ದು, ಚಿತ್ತಾಪುರದಿಂದ ಸಂತೆಯ ಗದ್ದಲ, ಸೇಡಮ್ಮಿನಿಂದ ಶಾಲೆ ಬಿಟ್ಟ ಮಕ್ಕಳ ದನಿ, ಚಿಂಚೋಳಿಯ ಕಾಡಂಚಿನಿಂದ ಗೂಡಿಗೆ ಮರಳುವ ಹಕ್ಕಿಗಳ ದನಿ. ಪುಟವನ್ನು ತೆರೆದವರಿಗೆ ಐದೂ ಒಮ್ಮೆಗೇ ಕೇಳುತ್ತವೆ. ಚಿಂಚೋಳಿಯ ಕಡೆ ಸಂಪರ್ಕ ಕಡಿದರೆ ಹಕ್ಕಿಗಳು ಸುಮ್ಮನಾಗುತ್ತವೆ. ಆ ಮೌನವೂ ಕೃತಿಯ ಒಂದು ಮಾತೇ, ಏಕೆಂದರೆ ಯಾವ ಊರು ದಾರಿಯ ಕೊನೆಯಲ್ಲಿದೆಯೆಂದು ಅದು ಹೇಳುತ್ತದೆ. ಇದನ್ನು ಮುದ್ರಿಸಿಕೊಂಡು ನಾಳೆ ಕೇಳಿದರೆ ಐದು ಸದ್ದುಗಳ ನೆನಪು ಸಿಕ್ಕೀತು. ಒಂದೇ ಕ್ಷಣದಲ್ಲಿ ಐದೂರು ಕೂಡಿದ ಸೋಜಿಗ ಸಿಗದು. ಇದಕ್ಕೆ ದೊಡ್ಡ ಬಂಡವಾಳ ಬೇಡ, ಚಿತ್ರಶಾಲೆಯ ಅಪ್ಪಣೆ ಬೇಡ. ಆದರೆ ಇದು ಕಲೆಯ ಒಂದು ಬಗೆಯೆಂದು ಅವಳ ಅಧ್ಯಾಪಕರು ಒಪ್ಪಬೇಕು. ಒಪ್ಪದಿದ್ದರೆ ಅವಳ ಕೆಲಸ ಯಾವ ಪ್ರದರ್ಶನದ ಪಟ್ಟಿಯಲ್ಲಿಯೂ ಸೇರದೆ, ಒಂದೆರಡು ವರ್ಷಗಳಲ್ಲಿ ಗುರುತಿಲ್ಲದೆ ಹೋಗುತ್ತದೆ.

ಹಾಗಾದರೆ ಉತ್ತರವೇನು? ಅಂತರ್ಜಾಲ ಕಲೆ ಬೇರೊಂದು ಕಲೆ ಹೌದು. ಆದರೆ ಅದರ ಹೊಲ ನಾವು ಊಹಿಸುವುದಕ್ಕಿಂತ ಚಿಕ್ಕದು. ಜಾಲದಲ್ಲಿ ಬರುವುದೆಲ್ಲ ಅದಲ್ಲ; ಜಾಲವಿಲ್ಲದೆ ಬದುಕಲಾರದುದು ಮಾತ್ರ ಅದು. ನೋಡುವವನ ಬೆರಳು, ದೂರದವರ ಏಕಕಾಲದ ಕೂಟ, ಕೈಯಿಂದ ಕೈಗೆ ಮಾರ್ಪಡುವ ರೂಪ, ಇವೇ ಅದರ ಲಕ್ಷಣಗಳು.

ಇಂಥ ವಿವೇಚನೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ತೀರದ ಅಂದಿನ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ದಂಡಿಯ ಸಂಸ್ಕೃತ ಲಕ್ಷಣಗ್ರಂಥಕ್ಕೆ ಬಹುವಾಗಿ ಋಣಿ. ಆದರೂ ಕನ್ನಡದಲ್ಲಿ ಚತ್ತಾಣ, ಬೆದಂಡೆ ಎಂಬ ಕಾವ್ಯರೂಪಗಳಿವೆಯೆಂದು ಅದು ಹೆಸರು ಹಿಡಿದು, ಲಕ್ಷಣ ಹೇಳಿತು. ದೊಡ್ಡ ಭಾಷೆಯಿಂದ ಬಂದ ಅಳತೆಗೋಲನ್ನು ಗೌರವಿಸುತ್ತಲೇ, ತನ್ನಲ್ಲಿ ಬೇರೆಯಾಗಿರುವುದನ್ನು ಬೇರೆಯೆಂದು ಹೇಳುವ ಧೈರ್ಯ ಅದಕ್ಕಿತ್ತು. ಆ ರೂಪಗಳ ಕಾವ್ಯಗಳು ನಮಗೆ ಉಳಿದುಬರಲಿಲ್ಲ. ಅವು ಇದ್ದುವೆಂದು ನಾವು ಬಲ್ಲುದು ಯಾರೋ ಹೆಸರಿಟ್ಟು ಬರೆದಿಟ್ಟುದರಿಂದ.

ಮುಂದಿನ ಸಲ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ದೂರವಾಣಿಯ ಪರದೆಯಲ್ಲಿ ಏನನ್ನಾದರೂ ತೋರಿಸಿ ‘ಇದನ್ನು ನಾನೇ ಮಾಡಿದೆ’ ಎಂದರೆ, ಕೂಡಲೇ ಹೊಗಳಲೂ ಬೇಡಿ, ತೆಗಳಲೂ ಬೇಡಿ. ಇದನ್ನು ಕಾಗದದ ಮೇಲೆ ಇಳಿಸಿದರೆ ಏನು ಕಳೆದುಹೋಗುತ್ತದೆಂದು ಕೇಳಿ. ಏನೂ ಕಳೆಯದಿದ್ದರೆ ಅದನ್ನು ಚಿತ್ರವೆಂದೇ ನೋಡಿ ಸಂತೋಷಪಡಿ. ಎಲ್ಲವೂ ಕಳೆದುಹೋಗುವುದಾದರೆ, ಅದನ್ನು ಎಲ್ಲಿ, ಹೇಗೆ ಉಳಿಸಿಡುವೆಯೆಂದು ಎರಡನೆಯ ಪ್ರಶ್ನೆಯನ್ನೂ ಕೇಳಿರಿ.